ಐದು ಮೂಗು, ಮೂರು ಬನಿಯನ್

ಬಾಹ್ಯಾಕಾಶಕ್ಕೆ ಹೋಗಿ ಬಂದವಳು ಎಂದರೆ ಜನ ಮೊದಲು ಕೇಳುವುದು ಕಕ್ಕಸಿನ ವಿಷಯ. ಶಾಲೆಯ ಮಕ್ಕಳು ಕೇಳುತ್ತಾರೆ, ಅವರಿಗೆ ಆ ಹಕ್ಕಿದೆ. ಮಂತ್ರಿಗಳು ಸುತ್ತಿ ಬಳಸಿ ಕೇಳುತ್ತಾರೆ, ಅಲ್ಲಿ ಅನುಕೂಲಗಳೆಲ್ಲ ಹೇಗಮ್ಮ ಎಂದು. ಒಮ್ಮೆ ಒಬ್ಬರು ಕುಲಪತಿಗಳು ನನ್ನ ಕೊರಳಿಗೆ ಪದಕ ಹಾಕುತ್ತಲೇ ಕಿವಿಯ ಹತ್ತಿರ ಬಾಗಿ ಅದನ್ನೇ ಕೇಳಿದರು. ನಾನು ಮೂರು ಸಲ ಮೇಲಕ್ಕೆ ಹೋಗಿ ಬಂದಿದ್ದೇನೆ. ನಮ್ಮ ದೇಶದಿಂದ ಹಾಗೆ ಹೋದ ಮೊದಲ ಹೆಂಗಸು ನಾನು. ನನ್ನ ಹಿಂದೆ ಬಂದ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಪಾಠ ಹೇಳಿದವಳೂ ನಾನೇ. ಇಷ್ಟೆಲ್ಲ ಆದರೂ ನನ್ನ ಬಗ್ಗೆ ಲೋಕಕ್ಕಿರುವ ಕುತೂಹಲ ಸೊಂಟದಿಂದ ಕೆಳಕ್ಕಿಳಿದು ಅಲ್ಲೇ ನಿಂತುಬಿಟ್ಟಿದೆ.

ಎಲ್ಲರಿಗೂ ಉತ್ತರ ಕೊಡುತ್ತೇನೆ. ಒಂದು ಕೊಳವೆ ಇರುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ಅಷ್ಟೇ ಕಥೆ. ಅದರಲ್ಲಿ ಹೇಸಿಕೊಳ್ಳುವಂಥದ್ದು ಏನೂ ಇಲ್ಲ. ಹೇಸಿಗೆ ಎಂದರೆ ಏನೆಂದು ನಾನು ಕಲಿತದ್ದು ನೆಲದ ಮೇಲೆ, ಚೆನ್ನಾಗಿ ಗುಡಿಸಿ ಒರೆಸಿದ, ಒಳ್ಳೆಯ ಬೆಳಕಿದ್ದ ಕೋಣೆಗಳಲ್ಲಿ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನಮ್ಮ ಸಂಸ್ಥೆಯಲ್ಲಿ 'ಮೂಗಿನವರು' ಎಂದು ಐದು ಜನ ಇದ್ದರು. ತಮಾಷೆಯಲ್ಲ, ಅದೊಂದು ಕೆಲಸ. ನೌಕೆಯ ಕ್ಯಾಬಿನ್‌ನಲ್ಲಿ ಕಿಟಕಿ ತೆರೆಯುವ ಭಾಗ್ಯವಿಲ್ಲ. ಮನೆಯಲ್ಲಾದರೆ ಒಂದು ಕ್ಷಣ ಮೂಗು ಮುಚ್ಚಿಕೊಂಡು ಮರೆತುಬಿಡುವ ವಾಸನೆ ಅಲ್ಲಿ ದಿನಗಟ್ಟಲೆ ತಲೆಯ ಸುತ್ತಲೇ ಸುತ್ತುತ್ತಿರುತ್ತದೆ, ಗಟ್ಟಿ ಆಳೂ ಕಾಯಿಲೆ ಬೀಳುತ್ತಾನೆ. ಹಾಗಾಗಿ ಒಳಗೆ ಹೋಗುವ ಪೆನ್ನು, ಅಂಟು, ಪೇಸ್ಟು, ಕ್ಯಾಮೆರಾದ ಪಟ್ಟಿ, ಎಲ್ಲವನ್ನೂ ಗಾಜಿನ ಜಾಡಿಯಲ್ಲಿಟ್ಟು ಬೆಚ್ಚಗೆ ಮಾಡಿ ಮೊದಲು ಮನುಷ್ಯರ ಮೂಗಿಗೆ ಒಪ್ಪಿಸುತ್ತಾರೆ. ಬೇರೆ ಬೇರೆ ವಿಭಾಗಗಳಿಂದ ಆರಿಸಿ ತಂದ ಐದು ಒಳ್ಳೆಯ ಮೂಗುಗಳು. ಒಬ್ಬೊಬ್ಬರೂ ಮೂಸಿ, ತುಟಿ ಪಿಟಕ್ಕೆನ್ನದೆ, ಚೀಟಿಯಲ್ಲಿ ಅಂಕ ಬರೆದು ಡಬ್ಬಿಗೆ ಹಾಕಬೇಕು. ಸೊನ್ನೆ ಎಂದರೆ ವಾಸನೆಯೇ ಇಲ್ಲ, ನಾಲ್ಕು ಎಂದರೆ ತಡೆಯಲಸಾಧ್ಯ. ಐದೂ ಅಂಕ ಕೂಡಿಸಿ ಸರಾಸರಿ ತೆಗೆದಾಗ ಎರಡೂವರೆ ದಾಟಿದರೆ ಆ ವಸ್ತು ಹೊರಗೇ ಉಳಿಯಿತು. ಯಾವುದು ಪಾಸಾಯಿತು, ಯಾವುದು ಫೇಲಾಯಿತು ಎಂದು ಮೂಗಿನವರಿಗೆ ತಿಳಿಸುವುದಿಲ್ಲ. ತಿಳಿಸಿದರೆ ಮುಂದಿನ ಸಲ ಮೂಗು ತಾನೇ ಲೆಕ್ಕ ಹಾಕಲು ಶುರುಮಾಡುತ್ತದಂತೆ.

ಆ ಐವರಲ್ಲಿ ನನ್ನ ಗಂಡನೂ ಒಬ್ಬ.

ಅವನ ಮೂಲ ಕೆಲಸ ಬಣ್ಣದ ವಿಭಾಗದಲ್ಲಿ. ಡಬ್ಬದ ಮುಚ್ಚಳ ತೆಗೆದರೆ ಸಾಕು, ಇದು ಹಳೆಯ ಸರಕು, ಇದಕ್ಕೆ ಏನೋ ಬೆರೆಸಿದ್ದಾರೆ ಎಂದು ಹೇಳಿಬಿಡುವ ಮೂಗು. ಆ ಮೂಗಿನ ಬಗ್ಗೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ. ಮನೆಗೆ ಬಂದರೆ ಹಾಲಿನ ಪಾತ್ರೆ ಮೂಸುವನು, ದಿಂಬು ಮೂಸುವನು, ಒಗೆದು ಮಡಚಿಟ್ಟ ಟವೆಲನ್ನು ಮೂಸಿ ಮತ್ತೆ ಬಕೆಟ್ಟಿಗೆ ಎಸೆಯುವನು. ಥೂ, ಇದನ್ನು ಮುಖಕ್ಕೆ ಹೇಗೆ ಒರೆಸಿಕೊಳ್ಳುತ್ತೀಯ ಎನ್ನುವುದು ನಮ್ಮ ಮನೆಯ ಸುಪ್ರಭಾತ. ನಾನು ಮೂಗಿನ ವಿಷಯದಲ್ಲಿ ಒರಟು. ಸಂಸ್ಥೆ ಸೇರುವ ಮೊದಲು ಸಾಮಾನು ಸಾಗಿಸುವ ವಿಮಾನ ಓಡಿಸುತ್ತಿದ್ದೆ. ಒಣಮೀನು, ಹಸಿ ಚರ್ಮ, ಒಂದು ಸಲ ಸರ್ಕಸ್ಸಿನ ಎರಡು ಕರಡಿಗಳು. ಅವನ ಪರಿಚಯವಾದದ್ದೂ ಅಲ್ಲೇ. ರೆಕ್ಕೆಯ ಬಣ್ಣ ಪರೀಕ್ಷೆ ಮಾಡಲು ಬಂದವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಏಣಿ ಹತ್ತಿದ್ದ. ನನಗೆ ನಗು ಬಂತು. ನಕ್ಕಿದ್ದು ಸಾಲದೆ ಮದುವೆಯೂ ಆದೆ.

ನಾನು ಪೈಲಟ್ ಆಗಿರುವವರೆಗೆ ಅವನು ಹೋದಲ್ಲಿ ಬಂದಲ್ಲಿ ಹೆಂಡತಿಯನ್ನು ಹೊಗಳುತ್ತಿದ್ದ. ಬಾಹ್ಯಾಕಾಶಕ್ಕೆ ಆಯ್ಕೆಯಾದ ಮೇಲೆ ಹೊಗಳಿಕೆ ನಿಂತಿತು. ಬೀದಿ ಕೊನೆಯ ಅಂಗಡಿಯವನು ಅವನನ್ನು 'ಆಕಾಶದಮ್ಮನ ಯಜಮಾನ್ರು' ಎಂದು ಕರೆದನಂತೆ. ಮೂಗಿಗಿಂತ ಮೂಗುತಿ ಭಾರವಾಯಿತು ಕಣೋ ಎಂದು ಅವನ ಅಮ್ಮ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅತ್ತೆಯ ಮಾತಲ್ಲವೇ, ನಾನು ತಮಾಷೆ ಎಂದುಕೊಂಡೆ.

ಹೋಗಬೇಕಾದವರು ಮೂವರು. ಆಗಲೇ ಎರಡು ಸಲ ಹೋಗಿ ಬಂದಿದ್ದ ಕಮಾಂಡರ್, ಮಾತು ಕಡಿಮೆಯ ಒಬ್ಬ ಇಂಜಿನಿಯರ್, ಮತ್ತು ನಾನು. ನನ್ನ ಆಯ್ಕೆ ಖಚಿತವಾದಾಗಿನಿಂದ ಸಂಸ್ಥೆಯ ದೊಡ್ಡ ಡಾಕ್ಟರರಿಗೆ ನಿದ್ದೆ ಕೆಟ್ಟಿತು. ಒಂದು ದಿನ ಮೀಟಿಂಗ್ ಕರೆದರು. ಛಾವಣಿಯ ಫ್ಯಾನನ್ನೇ ನೋಡುತ್ತ, ಆ ದಿನಗಳಲ್ಲಿ ಕ್ಯಾಬಿನ್‌ನ ಗಾಳಿಯ ಗತಿ ಏನಾದೀತು ಎಂದು ಕೇಳಿದರು. ಯಾವ ದಿನಗಳು ಎಂದೆ ನಾನು. ಆ ದಿನಗಳಮ್ಮ ಎಂದರು. ಕಮಾಂಡರ್ ತನ್ನ ಬೂಟು ನೋಡಿಕೊಂಡ, ಇಂಜಿನಿಯರ್ ಕಿಟಕಿ ನೋಡಿದ. ನಾನು ಮುಟ್ಟು ಎಂದು ಬಾಯಿ ತುಂಬ ಹೇಳಿದೆ. ಯಾರೋ ಪೆನ್ನು ಬೀಳಿಸಿಕೊಂಡರು. ಮನುಷ್ಯನ ಹೊಟ್ಟೆ ಕೊಯ್ದು ಕರುಳು ಕೈಯಲ್ಲಿ ಹಿಡಿಯುವ ಡಾಕ್ಟರು ಆ ಒಂದು ಮಾತಿಗೆ ಕಿವಿಯವರೆಗೆ ಕೆಂಪಾದರು.

ಮುಂದಿನ ವಾರ ಅವರೊಂದು ನಿಯಮ ಹುಡುಕಿ ತಂದರು. ಕ್ಯಾಬಿನ್ ಪ್ರವೇಶಿಸುವ ಪ್ರತಿಯೊಂದನ್ನೂ ಮೂಗಿನವರು ಪರೀಕ್ಷಿಸಬೇಕು ಎಂದು ಬರೆದಿದೆ, ಪ್ರತಿಯೊಂದೂ ಎಂದರೆ ಮನುಷ್ಯರೂ ಬಂದರಲ್ಲವೇ ಎಂದರು. ಅಷ್ಟು ವರ್ಷ ಗಂಡಸರು ತಿಂದ ಬೆಳ್ಳುಳ್ಳಿಯ ತೇಗು ಸಮೇತ ಒಳಗೆ ಹೋಗಿ ಬಂದಿದ್ದರು, ಒಂದು ನರಪಿಳ್ಳೆಯನ್ನೂ ಯಾರೂ ಮೂಸಿರಲಿಲ್ಲ. ಹೆಂಗಸು ಬಾಗಿಲಿಗೆ ಬಂದ ಕೂಡಲೇ ನಿಯಮಕ್ಕೆ ಜೀವ ಬಂತು. ನನ್ನೊಬ್ಬಳನ್ನೇ ಮೂಸಿದರೆ ಪತ್ರಿಕೆಯವರು ಬಿಡುವುದಿಲ್ಲವಲ್ಲ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದ್ದರಿಂದ ಮೂವರನ್ನೂ ಮುಚ್ಚಿದ ಕೋಣೆಯಲ್ಲಿ ಕೆಲವು ದಿನ ಇಟ್ಟು, ಒಂದೇ ಥರದ ಬನಿಯನ್ ತೊಡಿಸಿ, ಆಮೇಲೆ ಆ ಬನಿಯನ್‌ಗಳನ್ನು ಜಾಡಿಗೆ ಹಾಕಿ ಮೂಸಿಸುವುದು ಎಂದಾಯಿತು. ಯಾವ ಜಾಡಿ ಯಾರದೆಂದು ಮೂಗಿನವರಿಗೆ ಗೊತ್ತಿರುವುದಿಲ್ಲ. ಇದು ಮನುಷ್ಯರ ಪ್ರಾಣದ ಪ್ರಶ್ನೆಯಾದ್ದರಿಂದ ಸರಾಸರಿ ಸಾಲದು, ಐವರಲ್ಲಿ ಒಬ್ಬರು ನಾಲ್ಕು ಕೊಟ್ಟರೂ ಆ ಮನುಷ್ಯ ಇಲ್ಲೇ ಉಳಿಯಬೇಕು ಎಂದು ಡಾಕ್ಟರು ಮೇಜು ಕುಟ್ಟಿ ಹೇಳಿದರು. ನನ್ನ ಜಾಗಕ್ಕೆ ಬದಲಿ ಆಳು ತಯಾರಿದ್ದ. ಅವನ ಅಳತೆಯ ಪೋಷಾಕು ಆಗಲೇ ಹೊಲಿದು ನೇತುಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಒಲ್ಲೆ ಎಂದಿದ್ದರೆ ಅವರಿಗೆ ಅದೇ ಬೇಕಾಗಿತ್ತು. ಒಪ್ಪಿಕೊಂಡೆ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಗಂಡ ಮೂಗಿನವನಾದರೆ ಹೆಂಡತಿಯ ಬನಿಯನ್ ಮೂಸಬಹುದೇ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ನಿಯಮದಲ್ಲಿ ಸಂಬಂಧಿಕರ ಮಾತೇ ಇರಲಿಲ್ಲ. ಅಂಟಿಗೂ ಪೇಸ್ಟಿಗೂ ನೆಂಟರಿರುತ್ತಾರೆಯೇ? ನಿಜ ಹೇಳಬೇಕೆಂದರೆ ನನಗೆ ಅದರಿಂದ ಸಮಾಧಾನವೇ ಆಯಿತು. ಐದು ಜನರಲ್ಲಿ ಒಬ್ಬರಾದರೂ ನಮ್ಮವರಿದ್ದಾರೆ ಎನಿಸಿತು. ಅವನೂ ನನ್ನ ತಲೆ ನೇವರಿಸಿ, ತಾನಿರುವಾಗ ಯೋಚನೆ ಯಾಕೆ ಎಂದಿದ್ದ.

ಮುಚ್ಚಿದ ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಮಂಚ, ಒಂದು ಮೇಜು, ಕಕ್ಕಸಿಗೆ ಒಂದು ಪರದೆ. ಕಮಾಂಡರ್ ಹಲ್ಲಿನ ಸಂದಿಯಿಂದ ತೆಗೆದದ್ದನ್ನು ನೋಡಿ, ಯೋಚಿಸಿ, ಮತ್ತೆ ಬಾಯಿಗೆ ಹಾಕಿಕೊಳ್ಳುವವನು. ಕಾಲುಗುರು ಕತ್ತರಿಸಿದರೆ ಚೂರು ನನ್ನ ತಟ್ಟೆಯವರೆಗೆ ಹಾರುತ್ತಿತ್ತು. ಇವನು ರಾಷ್ಟ್ರದ ವೀರ, ನಾನು ಗಾಳಿ ಕೆಡಿಸುವವಳು. ಹೊರಗೆ ಬಂದ ದಿನ ಕೈಗವಸು ತೊಟ್ಟ ಇಬ್ಬರು ನಮ್ಮ ಬನಿಯನ್‌ಗಳನ್ನು ಸತ್ತ ಇಲಿ ಎತ್ತುವ ಹಾಗೆ ಇಕ್ಕಳದಲ್ಲಿ ಎತ್ತಿ ಜಾಡಿಗಳಿಗೆ ಹಾಕಿದರು. ಒಂದಕ್ಕೆ ಕೆಂಪು ಚೀಟಿ, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ಯಾವುದು ಯಾರದು ಎಂಬುದು ಡಾಕ್ಟರರ ಲಕೋಟೆಯೊಳಗೆ ಸೇರಿತು.

ಮೂಗಿನವರ ಕೋಣೆಗೆ ಓಣಿಯ ಕಡೆಗೊಂದು ಗಾಜು ಇತ್ತು. ಅಲ್ಲಿ ನಿಲ್ಲಬಾರದಿತ್ತು, ನಿಂತೆ. ದಿನಾ ಬೆಳಗ್ಗೆ ನನಗೆ ನಮಸ್ಕಾರ ಹೇಳುವ ಕ್ಯಾಂಟೀನಿನ ಗುಮಾಸ್ತ ಜಾಡಿಯ ಬಾಯಿಗೆ ಬಗ್ಗಿದ್ದ. ಗ್ರಂಥಾಲಯದ ಹೆಂಗಸು ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದಳು. ಅದರಲ್ಲಿ ಯಾವುದೋ ಒಂದರಲ್ಲಿ ನನ್ನ ಮೈ ಇತ್ತು. ನನಗೆ ಆಗ ಆದ ಅಸಹ್ಯವನ್ನು ಯಾವ ಕಕ್ಕಸಿನ ಪ್ರಶ್ನೆಯೂ ಇವತ್ತಿನವರೆಗೆ ಸರಿಗಟ್ಟಿಲ್ಲ. ಯಾರೋ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಸುತ್ತಲೂ ಮೂಸಿದ ಹಾಗಾಯಿತು. ಕೊನೆಗೆ ನನ್ನ ಗಂಡನ ಸರದಿ ಬಂತು. ಕೆಂಪು, ಹಸಿರು ಬೇಗ ಮುಗಿದವು. ನೀಲಿಯ ಹತ್ತಿರ ನಿಂತ. ಒಂದು ಸಲ ಮೂಸಿದ, ತಲೆ ಎತ್ತಿದ, ಮತ್ತೆ ಮೂಸಿದ. ಪರಿಚಯದವರು ಸಿಕ್ಕಾಗ ಆಗುವ ಹಾಗೆ ಅವನ ಭುಜಗಳು ಸಡಿಲವಾದವು. ಓ, ನನ್ನದು ನೀಲಿ ಎಂದುಕೊಂಡೆ. ಗುರುತು ಹಿಡಿದನಲ್ಲ ಎಂದು ಹೆಮ್ಮೆಯೂ ಆಯಿತು. ಇದನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಮಾರನೆಯ ದಿನ ಮಧ್ಯಾಹ್ನ ಅಂಕದ ಚೀಟಿಗಳನ್ನು ತೆರೆದರು. ಕೆಂಪು ಜಾಡಿಗೆ ಎಲ್ಲ ಒಂದು, ಎರಡು. ಹಸಿರಿಗೂ ಹಾಗೆಯೇ, ಇನ್ನೂ ಕಡಿಮೆ. ನೀಲಿಗೆ ನಾಲ್ವರು ಒಂದೋ ಎರಡೋ ಕೊಟ್ಟಿದ್ದರು, ಒಬ್ಬರು ನಾಲ್ಕು ಕೊಟ್ಟಿದ್ದರು.

ಲಕೋಟೆ ಇನ್ನೂ ತೆರೆದಿರಲಿಲ್ಲ, ಆದರೆ ಕೋಣೆಯಲ್ಲಿದ್ದವರಿಗೆ ಲಕೋಟೆ ಬೇಕೇ ಇರಲಿಲ್ಲ. ದೊಡ್ಡ ಡಾಕ್ಟರು ನೀರಿನ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಕಮಾಂಡರ್ ಬೆನ್ನು ತಟ್ಟಿ, ಬೇಜಾರು ಮಾಡಿಕೊಳ್ಳಬೇಡಮ್ಮ, ಹೆಂಗಸರ ಮೈ ಧರ್ಮ, ನಿನ್ನ ತಪ್ಪೇನೂ ಇಲ್ಲ ಎಂದ. ಅವನ ಕರುಣೆ ಅವನ ಉಗುರಿಗಿಂತ ಹೊಲಸಾಗಿತ್ತು. ಆಮೇಲೆ ಡಾಕ್ಟರು ಲಕೋಟೆ ಹರಿದು ಓದಿದರು. ಕೆಂಪು ಇಂಜಿನಿಯರ್‌ದು, ಹಸಿರು ನನ್ನದು, ನೀಲಿ ಕಮಾಂಡರ್‌ದು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಜಾಡಿ ಜಾಸ್ತಿ ಬಿಸಿಯಾಗಿರಬೇಕು. ಒಂದು ಮೂಗಿಗೆ ನೆಗಡಿ ಇದ್ದಿರಬೇಕು. ದುಡಿಯುವ ಗಂಡಸಿನ ಬೆವರು ಹಾಗೇ ಇರುತ್ತದೆ, ಅದು ಆರೋಗ್ಯದ ಲಕ್ಷಣ. ಒಂದೇ ಒಂದು ನಾಲ್ಕನ್ನು ಹಿಡಿದುಕೊಂಡು ಕೂರುವುದು ವೈಜ್ಞಾನಿಕವಲ್ಲ, ಸರಾಸರಿಯೇ ಸರಿ ಎಂದು, ಮೇಜು ಕುಟ್ಟಿದ್ದ ಅದೇ ಡಾಕ್ಟರು ಅದೇ ಮೇಜಿನ ಮುಂದೆ ಹೇಳಿದರು. ಸರಾಸರಿ ತೆಗೆದರು. ಮೂವರೂ ಪಾಸು. ನಾಲ್ಕು ಎಂಬುದು ಗಂಡಸಿನ ಹೆಸರಿಗೆ ಬಿದ್ದ ಕೂಡಲೇ ಹಲ್ಲು ಕಿತ್ತ ಹಾವಾಯಿತು. ಕಮಾಂಡರ್ ಮಾತ್ರ ಮುಖ ಊದಿಸಿಕೊಂಡು, ಆ ನಾಲ್ಕು ಕೊಟ್ಟ ಬಡ್ಡೀಮಗ ಯಾರು ಎಂದು ಗೊಣಗುತ್ತ ಹೊರಟ. ಚೀಟಿಯ ಮೇಲೆ ಗುರುತಿರಲಿಲ್ಲ. ನನಗೆ ಉಗುಳಬೇಕೆನ್ನಿಸಿತು, ಆದರೆ ನಾನು ಮೇಲಕ್ಕೆ ಹೋಗುತ್ತಿದ್ದೆ. ಹೇಸಿಗೆಯ ಮೇಲೆ ಸಂತೋಷ ಹಾಸಿಕೊಂಡು ಮನೆಗೆ ಬಂದೆ.

ಸಂಜೆ ಗಂಡ ಬಂದ, ಕೈಯಲ್ಲಿ ಸೇಬಿನ ಚೀಲ. ಚಪ್ಪಲಿ ಬಿಟ್ಟ ಸದ್ದೂ ಕೇಳದ ಹಾಗೆ ಒಳಗೆ ಬಂದು, ಪಕ್ಕದಲ್ಲಿ ಕೂತು, ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡ. ಸಾವಿನ ಮನೆಗೆ ಬಂದವರು ಕೂರುವ ಹಾಗೆ ಕೂತಿದ್ದ. ಸುದ್ದಿ ಹೇಳಲು ನಾನು ಬಾಯಿ ತೆರೆದೆ, ಅವನು ಬಿಡಲಿಲ್ಲ.

"ನೋಡು, ಮನಸ್ಸಿಗೆ ಹಚ್ಕೋಬೇಡ. ಅವರು ಏನಾದ್ರೂ ಹೇಳ್ಲಿ, ನಂಗೆ ನೀನು ನೀನೇ. ಎಲ್ಲರೂ ಮೇಲಕ್ಕೆ ಹೋಗ್ಲೇಬೇಕು ಅಂತ ಏನಿದೆ?"

ತೆರೆದ ಬಾಯಿ ಮುಚ್ಚಿಕೊಂಡೆ. ಅವನು ಸೇಬು ಹೆಚ್ಚುತ್ತ ಹೇಳುತ್ತ ಹೋದ. ಇಬ್ಬರೂ ರಜೆ ಹಾಕಿ ಸಮುದ್ರದ ಕಡೆ ಹೋಗಿಬರೋಣ. ವಯಸ್ಸು ಯಾರಿಗೂ ಕಾಯುವುದಿಲ್ಲ, ಒಂದು ಮಗು ಮಾಡಿಕೊಳ್ಳೋಣ. ವಿಮಾನದ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಇದೆಯಂತೆ, ಹೊತ್ತು ಮುಳುಗುವ ಮೊದಲು ಮನೆ ಸೇರಬಹುದು, ಆಗಲೇ ಒಬ್ಬರ ಹತ್ತಿರ ಮಾತಾಡಿದ್ದೇನೆ. ಒಂದೊಂದು ಮಾತಿಗೂ ಒಂದೊಂದು ಹೋಳು ನನ್ನ ತಟ್ಟೆಗೆ ಹಾಕುತ್ತಿದ್ದ.

"ನಾನು ಫೇಲಾದೆ ಅಂತ ನಿಮಗೆ ಯಾರು ಹೇಳಿದ್ರು?"

ಚಾಕು ನಿಂತಿತು. ಯಾರೂ ಹೇಳಲಿಲ್ಲ, ನಿನ್ನ ಮುಖ ನೋಡಿ ಅನ್ನಿಸಿತು ಎಂದ. ನನ್ನ ಮುಖದಲ್ಲಿ ಅಲ್ಲಿಯವರೆಗೆ ಇದ್ದದ್ದು ಸಂತೋಷ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಅವನು ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ನಾನು ಪಾಸು ಕಣ್ರೀ. ನಾಲ್ಕು ಬಿದ್ದಿದ್ದು ನೀಲಿ ಜಾಡಿಗೆ. ಅದು ಕಮಾಂಡರ್ ಬನಿಯನ್."

"ಸಾಧ್ಯಾನೇ ಇಲ್ಲ. ನೀಲಿ ನಿಂದೇ. ಮುಲಾಮಿನ ವಾಸನೆ ಹೊಡೀತಿತ್ತು."

ಮಾತು ಹೊರಗೆ ಬಿದ್ದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು.

ಮುಲಾಮಿನ ಕಥೆ ಇಷ್ಟೇ. ನನಗೆ ಹಳೆಯ ಬೆನ್ನುನೋವು, ಮಲಗುವ ಮೊದಲು ದಿನವೂ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಮುಚ್ಚಿದ ಕೋಣೆಯಲ್ಲಿ ಮೊದಲ ದಿನವೇ ಕಮಾಂಡರ್‌ಗೆ ಕತ್ತು ಹಿಡಿದುಕೊಂಡಿತು. ನನ್ನ ಮುಲಾಮು ಕೇಳಿ ಇಸಿದುಕೊಂಡ, ವಾಪಸು ಕೊಡಲಿಲ್ಲ, ಇಡೀ ಟ್ಯೂಬನ್ನು ಕತ್ತಿಗೂ ಎದೆಗೂ ಬಳಿದುಕೊಂಡು ಮುಗಿಸಿದ. ನಾನು ಅಷ್ಟೂ ದಿನ ಬೆನ್ನುನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಮುಲಾಮಿಲ್ಲದೆಯೇ ಮಲಗಿದ್ದೆ. ಹಸಿರು ಚೀಟಿಯ ಜಾಡಿಯಲ್ಲಿ ಇದ್ದದ್ದು ನಾನು, ನಾನೊಬ್ಬಳೇ, ಯಾವ ಕಲಬೆರಕೆಯೂ ಇಲ್ಲದೆ.

"ಹಸಿರಿಗೆ ಎಷ್ಟು ಕೊಟ್ರಿ?"

"ಒಂದು."

"ಅದು ಯಾರದ್ದು ಅಂದ್ಕೊಂಡ್ರಿ?"

ಇಂಜಿನಿಯರ್‌ದು ಎಂದುಕೊಂಡೆ ಎಂದ.

ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಸುಳ್ಳು ಅಂಕ ಕೊಟ್ಟು ನನ್ನನ್ನು ನೆಲಕ್ಕೆ ಕಟ್ಟಿಹಾಕಲು ನೋಡಿದನಲ್ಲ, ಅದು ಒಂದು. ಗಂಡಸರು ಮಾಡುತ್ತಾರೆ, ಅತ್ತು ಕರೆದು ಕಾಲು ಹಿಡಿದರೆ ಹೆಂಗಸರು ಕ್ಷಮಿಸುವುದೂ ಉಂಟು. ನಾನು ವಾಂತಿ ಮಾಡಿದ್ದು ಇನ್ನೊಂದಕ್ಕೆ. ಬಣ್ಣದ ಡಬ್ಬ ಯಾವ ತಿಂಗಳು ತೆರೆದದ್ದು ಎಂದು ಹೇಳುವ ಮೂಗು, ಹಾಲು ನಾಳೆ ಒಡೆಯುತ್ತದೆಂದು ಇವತ್ತೇ ಹೇಳುವ ಮೂಗು, ವರ್ಷಾನುಗಟ್ಟಲೆ ಒಂದೇ ದಿಂಬಿನ ಮೇಲೆ ಪಕ್ಕದಲ್ಲಿ ಮಲಗಿದ ಮೂಗು, ನಾನು ಎದುರಿಗೆ ಬಂದಾಗ ಇಂಜಿನಿಯರ್ ಎಂದುಕೊಂಡು ಮುಂದೆ ಹೋಯಿತು. ಅವನಿಗೆ ಹೆಂಡತಿ ಎಂದರೆ ಒಂದು ಟ್ಯೂಬು ಮುಲಾಮು. ಅದನ್ನು ಬಳಿದುಕೊಂಡ ಯಾರಾದರೂ ಆದೀತು.

ಬಾಯಿ ತೊಳೆದುಕೊಂಡು ಬಂದಾಗ ಅವನು ಅಳುತ್ತಿದ್ದ. ನೀನು ಹೋಗಿಬಿಟ್ಟರೆ ಜನರ ಕಣ್ಣಿಗೆ ನಾನು ಯಾರು ಎಂದು ಕೇಳಿದ. ಬೀದಿಯ ಅಂಗಡಿಯವನು, ಅಮ್ಮ, ಆಫೀಸಿನವರ ನಗು, ಎಲ್ಲವೂ ಒಂದೊಂದಾಗಿ ಹೊರಗೆ ಬಂತು. ದೊಡ್ಡ ಡಾಕ್ಟರರಿಗೆ ಎಲ್ಲ ಹೇಳುತ್ತೇನೆ ಎಂದೆ. ಅಳು ಅಲ್ಲಿಗೇ ನಿಂತಿತು. ಕಣ್ಣು ಒರೆಸಿಕೊಂಡು, ಲೆಕ್ಕ ಬಿಡಿಸುವವನ ಹಾಗೆ ಮಾತಾಡಿದ.

"ಹೇಳು ಬೇಕಾದ್ರೆ. ಒಬ್ಬ ಮೂಗಿನವನು ಬೇಕಂತ್ಲೇ ಸುಳ್ಳು ಅಂಕ ಹಾಕಿದ್ದಾನೆ ಅಂತ ಗೊತ್ತಾದ್ರೆ ಪರೀಕ್ಷೆನೇ ರದ್ದು. ಇನ್ನೊಂದ್ಸಲ ಮಾಡೋಕೆ ಟೈಮಿಲ್ಲ. ಗಂಡಸರನ್ನ ಮೊದಲಿನ ಹಾಗೆ ಮೂಸದೇನೇ ಕಳಿಸ್ತಾರೆ, ನಿನ್ನ ಜಾಗಕ್ಕೆ ಬದಲಿಯವನು ಹತ್ತಿ ಕೂರ್ತಾನೆ."

ಅವನು ಹೇಳಿದ್ದು ನಿಜ. ಡಾಕ್ಟರು ಅಂಥದ್ದೊಂದು ನೆಪಕ್ಕೆ ಕಾದು ಕೂತಿದ್ದರು. ನನ್ನನ್ನು ತಡೆಯಲು ಅವನು ಹಾಕಿದ ಗಂಟಿಗೆ ಈಗ ನಾನೇ ಕಾವಲು ಕೂರಬೇಕಾಗಿತ್ತು. ಬಾಯಿ ಮುಚ್ಚಿಕೊಂಡೆ.

ಆಮೇಲಿನ ದಿನಗಳು ನನ್ನ ಜೀವನದ ಅತ್ಯಂತ ಕೊಳಕು ದಿನಗಳು. ಪತ್ರಿಕೆಯವರು ಮನೆಗೆ ಬರುತ್ತಿದ್ದರು. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, ಇವಳ ಕನಸೇ ನನ್ನ ಕನಸು ಎನ್ನುತ್ತಿದ್ದ. ನಾನು ಹಲ್ಲು ಬಿಡುತ್ತಿದ್ದೆ. ಹೊರಡುವ ದಿನ ಗಾಜಿನ ಆಚೆಯಿಂದ ನೂರು ಜನ ನೋಡುತ್ತಿದ್ದಾಗ ಗಾಜಿಗೆ ತುಟಿ ಒತ್ತಿದ. ಗಾಜಿನ ಮೇಲೆ ಉಳಿದ ಆ ಒದ್ದೆ ಗುರುತು ನೋಡಿ ನನಗೆ ಓಕರಿಕೆ ಬಂತು. ಹೆಣ್ಣಲ್ಲವೇ, ಭಾವುಕಳಾದಳು ಎಂದು ಯಾರೋ ಬರೆದರು.

ಮೇಲೆ ಹೋದ ಮೇಲೆ ತಿಳಿದದ್ದನ್ನು ಕೇಳಿ. ತೂಕವಿಲ್ಲದ ಕಡೆ ಮೈಯೊಳಗಿನ ನೀರೆಲ್ಲ ತಲೆಗೆ ಏರುತ್ತದೆ, ಮೂಗು ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಯಾರಿಗೂ ಏನೂ ಸರಿಯಾಗಿ ವಾಸನೆ ಬರುತ್ತಿರಲಿಲ್ಲ. ಎರಡು ಸಲ ಹೋಗಿ ಬಂದಿದ್ದ ಕಮಾಂಡರ್‌ಗೆ ಇದು ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಯಾರೂ ಕೇಳಲಿಲ್ಲವಲ್ಲ ಎಂದ. 'ಆ ದಿನಗಳು' ಅಲ್ಲೇ ಬಂದು ಅಲ್ಲೇ ಹೋದವು, ಪಕ್ಕದಲ್ಲಿದ್ದವರಿಗೆ ಸುಳಿವೂ ಸಿಗಲಿಲ್ಲ. ನಾನು ನೌಕೆ ನಡೆಸಿದೆ, ಯಂತ್ರ ರಿಪೇರಿ ಮಾಡಿದೆ, ಕಮಾಂಡರ್ ಕಕ್ಕಿದ್ದನ್ನು ಗಾಳಿಯಲ್ಲೇ ಬಟ್ಟೆಯಿಂದ ಹಿಡಿದು ಚೀಲಕ್ಕೆ ತುಂಬಿದೆ. ಅದರಲ್ಲಿ ನನಗೆ ಒಂದಿಷ್ಟೂ ಹೇಸಿಗೆ ಆಗಲಿಲ್ಲ. ಆ ಕೆಲಸ ನನಗೆ ಇಷ್ಟವಿತ್ತು, ಎಷ್ಟು ಇಷ್ಟವಿತ್ತೆಂದರೆ ಇಳಿಯುವ ಹಿಂದಿನ ದಿನ ಅಳು ಬಂತು. ಅಲ್ಲಿ ಕಣ್ಣೀರು ಕೆಳಗೆ ಬೀಳುವುದಿಲ್ಲ, ಕಣ್ಣಿಗೇ ಅಂಟಿಕೊಂಡು ಕೂರುತ್ತದೆ.

ಇಳಿದದ್ದು ಒಂದು ಬಯಲಿನಲ್ಲಿ, ನಡುಹಗಲಿನಲ್ಲಿ. ಮುಚ್ಚಳ ತೆರೆದು ಮೊದಲು ತಲೆ ಹಾಕಿದ ಮನುಷ್ಯ ಹಿಂದಕ್ಕೆ ತಿರುಗಿ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡ. ಮೂವರ ಅಷ್ಟೂ ದಿನಗಳು ಅದರೊಳಗೆ ಹುದುಗು ಬಂದಿದ್ದವು. ನೆಲದ ಗಾಳಿ ತಗುಲಿ ನನ್ನ ಮೂಗೂ ತೆರೆಯಿತು, ಆಗ ನನ್ನ ಮೈಯ ವಾಸನೆ ನನಗೇ ಗೊತ್ತಾಯಿತು. ಬೆವರು, ಹಳಸಿದ ಬಟ್ಟೆ, ತೊಳೆಯದ ಕೂದಲು. ಮುಲಾಮು ಇರಲಿಲ್ಲ. ನಮ್ಮನ್ನು ಎತ್ತಿ ತಂದು ಕುರ್ಚಿಗಳಲ್ಲಿ ಕೂರಿಸಿದರು. ಕ್ಯಾಮೆರಾಗಳು ಸಾಲಾಗಿ ನಿಂತಿದ್ದವು. ಮನೆಯವರನ್ನು ಬಿಡಿ ಎಂದು ಯಾರೋ ಕೂಗಿದರು, ಅವನು ಎರಡೂ ಕೈ ಚಾಚಿಕೊಂಡು ಓಡಿಬಂದ.

ನಾಲ್ಕು ಮಾರು ದೂರದಲ್ಲಿರುವಾಗಲೇ ಅವನ ಕೆನ್ನೆ ಉಬ್ಬಿದ್ದು ಕಂಡೆ. ಉಸಿರು ಹಿಡಿದಿದ್ದ. ನಮ್ಮ ಮನೆಯ ಕಸದ ಬುಟ್ಟಿ ಹೊರಗಿಡುವಾಗ ಹಿಡಿಯುತ್ತಿದ್ದ ಹಾಗೆ. ಬಗ್ಗಿ ನನ್ನನ್ನು ತಬ್ಬಿಕೊಂಡ, ಕ್ಯಾಮೆರಾಗಳು ಮಿಂಚಿದವು, ಅವನು ಬಿಡಿಸಿಕೊಂಡು ಏಳಲು ನೋಡಿದ. ನನ್ನ ತೋಳುಗಳು ಎತ್ತಲಾರದಷ್ಟು ಭಾರವಾಗಿದ್ದವು, ಆದರೂ ಎತ್ತಿದೆ. ಅವನ ಕತ್ತನ್ನು ಬಳಸಿ ಮುಖವನ್ನು ನನ್ನ ಕಂಕುಳಿನ ಹತ್ತಿರಕ್ಕೆ ಒತ್ತಿ ಹಿಡಿದೆ. ಅವನು ಎಳೆದ, ನಾನು ಬಿಡಲಿಲ್ಲ. ಕಿವಿ ಕೆಂಪಾಯಿತು, ಬೆನ್ನು ನಡುಗಿತು. ಮನುಷ್ಯ ಎಷ್ಟು ಹೊತ್ತು ತಾನೇ ಉಸಿರು ಹಿಡಿದಾನು? ಕೊನೆಗೆ ಬಾಯಿ, ಮೂಗು ಎಲ್ಲ ತೆರೆದು ನನ್ನನ್ನು ಒಳಗೆಳೆದುಕೊಂಡ.

"ಇದು ಯಾರದ್ದು? ಹೇಳಿ ನೋಡೋಣ" ಎಂದೆ, ಅವನ ಕಿವಿಯಲ್ಲಿ.

"ನಿಂದು" ಎಂದ, ಗಂಟಲಿಗೆ ಬಂದದ್ದನ್ನು ಒಳಗೇ ನುಂಗಿಕೊಂಡು.

ಕೈ ಬಿಟ್ಟೆ. ಆ ಫೋಟೋ ಮಾರನೆಯ ದಿನ ಎಲ್ಲ ಪತ್ರಿಕೆಗಳ ಮೊದಲ ಪುಟದಲ್ಲಿತ್ತು, ಎಷ್ಟೋ ಶಾಲೆಗಳ ಗೋಡೆಯ ಮೇಲೆ ಇವತ್ತಿಗೂ ಇದೆ. ಗಂಡ ಹೆಂಡತಿಯ ಎದೆಯಲ್ಲಿ ಮುಖವಿಟ್ಟು ಅಳುತ್ತಿದ್ದಾನೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಕುರ್ಚಿಯಿಂದ ಏಳಿಸುವ ಮೊದಲೇ, ಮೈಗೆ ನೀರು ಬೀಳುವ ಮೊದಲೇ, ದೊಡ್ಡ ಡಾಕ್ಟರರನ್ನು ಹತ್ತಿರ ಕರೆದು ಆ ನಾಲ್ಕು ಅಂಕ ಯಾರು ಕೊಟ್ಟದ್ದು, ಯಾರದೆಂದುಕೊಂಡು ಕೊಟ್ಟದ್ದು ಎಂದು ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಕಮಾಂಡರ್ ಕೂತಿದ್ದಾನೆಂದು ಗೊತ್ತಿದ್ದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಪರೀಕ್ಷೆಗಳೆಲ್ಲ ಮುಗಿದು ಸಂಸ್ಥೆಯ ಕಾರು ನನ್ನನ್ನು ಬಿಡಲು ಬಂದಾಗ, ಮನೆಗೇ ತಾನೇ ಅಮ್ಮಾ ಎಂದು ಡ್ರೈವರ್ ಕೇಳಿದ. ಊರಿನಲ್ಲಿ ಬಾಡಿಗೆಗೆ ಕೊಡುವ ಕೋಣೆ ಎಲ್ಲಾದರೂ ಇದೆಯಾ ಎಂದು ಅವನನ್ನೇ ಕೇಳಿದೆ.